ಗ್ಯಾಲಕ್ಸಿಗಳ ಹವ್ಯಾಸಿ ಛಾಯಾಗ್ರಹಣ

ವೃತ್ತಿಪರ ವೀಕ್ಷಣಾಲಯಗಳ ಹೊರಗೆ, ಸ್ವಂತ ದೂರದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಗ್ಯಾಲಕ್ಸಿಗಳ ಚಿತ್ರ ತೆಗೆಯುವ ಹವ್ಯಾಸದ ಇತಿಹಾಸವು ಬಹುಮಟ್ಟಿಗೆ ಬೆಳಕನ್ನು ಕೂಡಿಡುವ ಉಪಾಯಗಳ ಇತಿಹಾಸ. ಕಣ್ಣಿಗೆ ಬಿದ್ದ ಮಂದ ಬೆಳಕು ಕ್ಷಣದಲ್ಲೇ ಅಳಿಸಿಹೋಗುತ್ತದೆ; ಛಾಯಾಫಲಕ ಅದನ್ನು ಗಂಟೆಗಟ್ಟಲೆ ಸಂಗ್ರಹಿಸಬಲ್ಲದು.

ಹಳೆಯ ಒದ್ದೆ ಫಲಕಗಳು ಬೇಗ ಒಣಗುತ್ತಿದ್ದುದರಿಂದ ಅವುಗಳಿಂದ ಇದು ಸಾಧ್ಯವಿರಲಿಲ್ಲ. 1871ರಲ್ಲಿ ರಿಚರ್ಡ್ ಮ್ಯಾಡಕ್ಸ್ ರೂಪಿಸಿದ ಒಣ ಜೆಲಟಿನ್ ಫಲಕ ದಾರಿ ತೆರೆಯಿತು. 1880ರಲ್ಲಿ ಅಮೆರಿಕದ ಹೆನ್ರಿ ಡ್ರೇಪರ್ ಒರಾಯನ್ ನೀಹಾರಿಕೆಯ ಮೊದಲ ಚಿತ್ರ ತೆಗೆದರು. 1883ರಲ್ಲಿ ಇಂಗ್ಲೆಂಡಿನ ಹವ್ಯಾಸಿ ಆಂಡ್ರ್ಯೂ ಕಾಮನ್ 36 ಅಂಗುಲದ ದರ್ಪಣದಿಂದ ಅದೇ ನೀಹಾರಿಕೆಯನ್ನು ಚಿತ್ರಿಸಿದಾಗ, ಕಣ್ಣಿಗೆ ಕಾಣದ ನಕ್ಷತ್ರಗಳೂ ಫಲಕದಲ್ಲಿ ಮೂಡಿದ್ದವು.

ಗ್ಯಾಲಕ್ಸಿಗಳ ಮಟ್ಟಿಗೆ ನಿಜವಾದ ತಿರುವು ತಂದವರು ಲಿವರ್‌ಪೂಲ್‌ನ ಕಟ್ಟಡ ಗುತ್ತಿಗೆದಾರ ಐಸಾಕ್ ರಾಬರ್ಟ್ಸ್. 1888ರ ಡಿಸೆಂಬರ್ 29ರಂದು ಅವರು 20 ಅಂಗುಲದ ದೂರದರ್ಶಕದಿಂದ ಆಗ ನೀಹಾರಿಕೆ ಎನಿಸಿದ್ದ ದೇವಯಾನಿ (ಆಂಡ್ರೊಮಿಡ) ಗ್ಯಾಲಕ್ಸಿಗೆ ನಾಲ್ಕು ಗಂಟೆಗಳ ಕಾಲ ಫಲಕವನ್ನು ಒಡ್ಡಿದರು. ಅಲ್ಲಿಯವರೆಗೆ ಮಸುಕು ಮೋಡದಂತಿದ್ದ ಅದರಲ್ಲಿ ಸುರುಳಿಗಳು ಗೋಚರಿಸಿದವು. ಅದು ಹುಟ್ಟುತ್ತಿರುವ ಸೌರಮಂಡಲವೆಂದು ರಾಬರ್ಟ್ಸ್ ಊಹಿಸಿದ್ದು ತಪ್ಪಾಗಿತ್ತು, ಚಿತ್ರ ಮಾತ್ರ ಸುಳ್ಳಾಗಲಿಲ್ಲ. ಕಾಮನ್ ಅವರ ದೂರದರ್ಶಕ ಕೈಬದಲಾಗಿ ಕ್ಯಾಲಿಫೋರ್ನಿಯದ ಲಿಕ್ ವೀಕ್ಷಣಾಲಯ ಸೇರಿ, ಅಲ್ಲಿ ಜೇಮ್ಸ್ ಕೀಲರ್ ಕೈಯಲ್ಲಿ ಹಲವಾರು ಸುರುಳಿ ನೀಹಾರಿಕೆಗಳನ್ನು ತೋರಿಸಿಕೊಟ್ಟಿತು. ದೇವಯಾನಿ ನಮ್ಮ ಆಕಾಶಗಂಗೆಯ ಹೊರಗಿನದೆಂದು ಸಾಬೀತುಪಡಿಸಿದ ಚರಕಾಂತಿ ನಕ್ಷತ್ರವೂ 1923ರಲ್ಲಿ ಎಡ್ವಿನ್ ಹಬಲ್ ಅವರಿಗೆ ಸಿಕ್ಕಿದ್ದು ಛಾಯಾಫಲಕದಲ್ಲೇ.

ಮುಂದೆ ದೊಡ್ಡ ದರ್ಪಣಗಳ ಕಾಲದಲ್ಲಿ ಹವ್ಯಾಸಿಗಳು ಹಿಂದೆ ಬಿದ್ದರು. ಮಂದ ಬೆಳಕಿಗೆ ದೀರ್ಘಕಾಲ ಒಡ್ಡಿದಷ್ಟೂ ಫಿಲ್ಮಿನ ಸಂವೇದನೆ ಕುಗ್ಗುವುದು ಅವರ ದೊಡ್ಡ ಅಡ್ಡಿ. ಅದಕ್ಕಾಗಿ ಕೊಡ್ಯಾಕ್‌ನ ಟೆಕ್ನಿಕಲ್ ಪ್ಯಾನ್ ಫಿಲ್ಮನ್ನು ಹೈಡ್ರೋಜನ್ ಬೆರೆಸಿದ ಸಾರಜನಕದಲ್ಲಿ ಬೆಚ್ಚಗೆ ಇಟ್ಟು ಹದಗೊಳಿಸುತ್ತಿದ್ದರು. ಭೂಮಿಯ ತಿರುಗುವಿಕೆಯಿಂದ ಆಕಾಶ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತದೆ. ಆದ್ದರಿಂದ ಚಳಿಯಲ್ಲಿ ಕೂತು, ಒಂದು ನಕ್ಷತ್ರವನ್ನು ಅಡ್ಡಗೆರೆಗಳ ನಡುವಿನಿಂದ ಕದಲಗೊಡದೆ ಗಂಟೆಗಟ್ಟಲೆ ಕೈಯಾರೆ ತಿದ್ದಬೇಕಿತ್ತು. ಆ ತಾಳ್ಮೆ ಇಂದಿಗೂ ಬೆರಗು ಹುಟ್ಟಿಸುತ್ತದೆ.

1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ರೂಪಿಸಿದ ಸಿಸಿಡಿ ಎಂಬ ವಿದ್ಯುನ್ಮಾನ ಬೆಳಕು-ಸಂವೇದಕ, ಫಿಲ್ಮಿಗಿಂತ ಹಲವು ಪಟ್ಟು ಹೆಚ್ಚು ಬೆಳಕನ್ನು ಹಿಡಿಯಿತು. 2003ರಲ್ಲಿ ಕ್ಯಾನನ್ 300ಡಿ ಡಿಜಿಟಲ್ ಎಸ್‌ಎಲ್‌ಆರ್ ಸಾವಿರ ಡಾಲರಿಗಿಂತ ಕಡಿಮೆ ಬೆಲೆಗೆ ಬಂದಾಗ ಹೊಸಬರಿಗೂ ಬಾಗಿಲು ತೆರೆಯಿತು. ಒಂದೇ ದೀರ್ಘ ಚಿತ್ರದ ಬದಲು ಹತ್ತಾರು ಸಣ್ಣ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಒಟ್ಟುಗೂಡಿಸುವ ವಿಧಾನ ರೂಢಿಯಾಯಿತು. ನೂರು ಚಿತ್ರ ಸೇರಿಸಿದರೆ ಗದ್ದಲಕ್ಕೆ (ಚಿತ್ರದಲ್ಲಿ ಮೂಡುವ ಅನಗತ್ಯ ಚುಕ್ಕೆಗಳಿಗೆ) ಹೋಲಿಸಿ ಚಿತ್ರದ ಸ್ಪಷ್ಟತೆ ಹತ್ತು ಪಟ್ಟು ಏರುತ್ತದೆ. ದೇವಯಾನಿ ಆಕಾಶದಲ್ಲಿ ಚಂದ್ರನ ಅಗಲದ ಸುಮಾರು ಆರು ಪಟ್ಟು ಹರಡಿರುವುದರಿಂದ, ಕಲಿಯುವವರಿಗೆ ಸಾಧಾರಣ ಟೆಲಿಫೋಟೊ ಲೆನ್ಸೇ ಸಾಕು. ಇತರ ಬಹುತೇಕ ಗ್ಯಾಲಕ್ಸಿಗಳಿಗೆ ದೂರದರ್ಶಕವೇ ಬೇಕು.

ಹೀಗೆ ಹವ್ಯಾಸಿಗಳು ಮತ್ತೆ ಸಂಶೋಧನೆಯ ಮುಂಚೂಣಿಗೆ ಬಂದರು. 2016ರ ಸೆಪ್ಟೆಂಬರ್ 20ರಂದು ಅರ್ಜೆಂಟೀನದ ಬೀಗ ರಿಪೇರಿಗಾರ ವಿಕ್ಟರ್ ಬುಸೊ 40 ಸೆಂ.ಮೀ. ದೂರದರ್ಶಕಕ್ಕೆ ಹೊಸ ಕ್ಯಾಮೆರಾ ಜೋಡಿಸಿ ಪರೀಕ್ಷಿಸುತ್ತಿದ್ದಾಗ, ಎನ್‌ಜಿಸಿ 613 ಗ್ಯಾಲಕ್ಸಿಯಲ್ಲಿ ಸೂಪರ್‌ನೋವಾ ಸಿಡಿತದ ಮೊದಲ ಬೆಳಕು ಸೆರೆಯಾಯಿತು. ರಾಬರ್ಟ್ಸ್ ಕಾಲದಿಂದ ಅಸಂಖ್ಯ ಸಲ ಚಿತ್ರಿತವಾಗಿದ್ದ ದೇವಯಾನಿಯ ಪಕ್ಕದಲ್ಲೇ, ಆಮ್ಲಜನಕದ ಬೆಳಕನ್ನು ಮಾತ್ರ ಒಳಬಿಡುವ ಫಿಲ್ಟರ್ ಬಳಸಿ ಮಾರ್ಸೆಲ್ ಡ್ರೆಕ್ಸ್‌ಲರ್, ಜೇವಿಯರ್ ಸ್ಟ್ರಾಟ್‌ನರ್ ಮತ್ತು ಯಾನ್ ಸೆಂಟಿ ಎಂಬ ಹವ್ಯಾಸಿಗಳು ಪತ್ತೆಮಾಡಿದ ವಿಶಾಲ ಅನಿಲ ಕಮಾನಿನ ವರದಿ 2023ರಲ್ಲಿ ಪ್ರಕಟವಾಯಿತು.