ಹೊಲ ಸೈಟಾದರೆ ಮಣ್ಣಿನ ಇಂಗಾಲ ಎಲ್ಲಿ ಹೋಗುತ್ತೆ? ತಡಸ ಭಾಗದ ಒಂದು ಲೆಕ್ಕ

ಹುಬ್ಬಳ್ಳಿಯಿಂದ ಹಾವೇರಿ ಕಡೆ ಹೋಗುವವರಿಗೆಲ್ಲ ತಡಸ ಕ್ರಾಸ್ ಗೊತ್ತು. ಇಲ್ಲಿ ಒಂದು ದಾರಿ ಮುಂಡಗೋಡ, ಶಿರಸಿ ಕಡೆ ತಿರುಗುತ್ತದೆ. ರಾಷ್ಟ್ರೀಯ ಹೆದ್ದಾರಿ 48, ಹಳಬರ ಬಾಯಲ್ಲಿ ಇನ್ನೂ ಎನ್‌ಎಚ್ ನಾಲ್ಕು, ನೇರ ಶಿಗ್ಗಾವಿ ಕಡೆ ಓಡುತ್ತದೆ. ಬಯಲುಸೀಮೆ ಮುಗಿದು ಅರೆಮಲೆನಾಡು ಶುರುವಾಗುವ ಪಟ್ಟಿ ಇದು. ಹೆದ್ದಾರಿಗೆ ಹತ್ತಿದ ಹೊಲಕ್ಕೆ ಈಗ ರೇಟು ಕಟ್ಟೋದು ಗೋವಿನಜೋಳದ ಇಳುವರಿ ನೋಡಿ ಅಲ್ಲ, ಎಷ್ಟು ಸೈಟ್ ಬೀಳ್ತಾವ ಅನ್ನೋದು ನೋಡಿ.

"ಹೊಲ ಬಿನ್‌ಶೇತ್ಕಿ ಆದ್ರ ಹವಾಮಾನಕ್ಕ ಏನಾಗತೈತಿ?" ಅಂತ ಕೇಳಿದರೆ ಹೆಚ್ಚಿನವರು ಬದುವಿನ ಮರ ಕಡಿಯೋದನ್ನ ನೆನಪಿಸಿಕೊಳ್ಳುತ್ತಾರೆ. ಅದು ಸರಿ, ಆದರೆ ದೊಡ್ಡ ಪಾಲು ಇರುವುದು ಕಣ್ಣಿಗೆ ಕಾಣದ ಕಡೆ, ಮಣ್ಣಿನಲ್ಲಿ.

ನಿಮ್ಮ ಮಣ್ಣು ಆರೋಗ್ಯ ಚೀಟಿ ಮನೇಲಿದ್ದರೆ ತೆಗೆದು ನೋಡಿ. 2015ರಲ್ಲಿ ಶುರುವಾದ ಈ ಯೋಜನೆಯ ಚೀಟಿಯಲ್ಲಿ 'ಸಾವಯವ ಇಂಗಾಲ' ಅಂತ ಒಂದು ಸಾಲು ಇರುತ್ತದೆ. ಶೇ. 0.5ಕ್ಕಿಂತ ಕಡಿಮೆ ಇದ್ದರೆ ಕಡಿಮೆ, 0.75ರ ಮೇಲಿದ್ದರೆ ಹೆಚ್ಚು. 0.5 ಅಂದರೆ ಏನೂ ಇಲ್ಲ ಅನ್ನಿಸುತ್ತದೆ. ಆದರೆ ಒಂದು ಎಕರೆಯ ಮೇಲಿನ ಒಂದು ಅಡಿ ಮಣ್ಣು ತೂಗಿದರೆ ಸುಮಾರು 1,600 ಟನ್. ಅದರಲ್ಲಿ 0.5 ಅಂದರೆ 8 ಟನ್ ಇಂಗಾಲ. ಇಂಗಾಲ ಗಾಳಿಯ ಆಮ್ಲಜನಕದ ಜೊತೆ ಸೇರಿ ಇಂಗಾಲದ ಡೈಆಕ್ಸೈಡ್ ಆದಾಗ ತೂಕ ಮೂರೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಹೀಗಾಗಿ ಎಕರೆಗೆ ಸುಮಾರು 29 ಟನ್.

ಇದೆಲ್ಲ ಒಮ್ಮೆಗೇ ಗಾಳಿಗೆ ಹೋಗುತ್ತದೆ ಅಂತಲ್ಲ. ಗರಸು ಹಾಕಿ ಮುಚ್ಚಿದ ಮಣ್ಣಿನಲ್ಲಿ ಒಂದಷ್ಟು ಅಲ್ಲೇ ಉಳಿಯುತ್ತದೆ. ಆದರೆ ಜೆಸಿಬಿ ಕೆರೆದು ಗುಡ್ಡೆ ಹಾಕಿದ ಮಣ್ಣು, ಇಟ್ಟಂಗಿ ಭಟ್ಟಿಗೆ ಹೋದ ಮಣ್ಣು ಇಂಗಾಲ ಬಿಟ್ಟುಕೊಡುತ್ತದೆ. ಮುಚ್ಚಿದ ಕಡೆಯೂ ಬೇರು, ಕಸಕಡ್ಡಿ, ಸಗಣಿ ಗೊಬ್ಬರ ಮತ್ತೆ ಸೇರೋದಿಲ್ಲ. ತಲೆಮಾರುಗಟ್ಟಲೆ ಕೂಡಿಟ್ಟ ಖಾತೆಗೆ ಜಮಾ ನಿಂತಂಗ.

ಮರದ ಲೆಕ್ಕ ಸಣ್ಣದು. ಒಣಗಿದ ಮೇಲೆ 1 ಟನ್ ತೂಗುವ ಮರದಲ್ಲಿ ಅರ್ಧದಷ್ಟು ಇಂಗಾಲ. ಚೌಕಟ್ಟು ಆದರೆ ಅದು ಮನೆಯಲ್ಲೇ ಇರುತ್ತದೆ, ಭಟ್ಟಿಗೆ ಹೋದರೆ ಅದೇ ವಾರ ಹೊಗೆ.

ಆಮೇಲೆ ಕಟ್ಟಡ. ಸಾವಿರ ಚದರಡಿ ಮನೆಗೆ ಗುತ್ತಿಗೆದಾರರ ಸಾಮಾನ್ಯ ಲೆಕ್ಕದಲ್ಲಿ 400 ಚೀಲ ಸಿಮೆಂಟ್. ಸುಣ್ಣದ ಕಲ್ಲು ಸುಡುವಾಗ ಕಲ್ಲಿನೊಳಗಿಂದಲೇ ಇಂಗಾಲ ಹೊರಬೀಳುತ್ತದೆ, ಕಲ್ಲಿದ್ದಲಿನದು ಬೇರೆ. 50 ಕಿಲೋ ಚೀಲಕ್ಕೆ ಸುಮಾರು 30 ಕಿಲೋ ಅಂದರೂ ಒಂದು ಮನೆಗೆ 12 ಟನ್.

ಮನೆ ಬೇಕೇ ಬೇಕು, ಅದರಲ್ಲಿ ತಕರಾರಿಲ್ಲ. ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ 2001ರಲ್ಲಿ 7.86 ಲಕ್ಷ ಇದ್ದದ್ದು 2011ಕ್ಕೆ 9.43 ಲಕ್ಷ ಆಯ್ತು. ಊರು ಬೆಳೆಯುವುದೇ. ತಕರಾರು ಇರುವುದು ಹೇಗೆ ಬೆಳೀತೈತಿ ಅನ್ನೋದರಲ್ಲಿ. ಹೊಲ ಒಡೆದು, ಗರಸು ಹಾಕಿ, ಕಲ್ಲು ನೆಟ್ಟು, ಸೈಟೆಲ್ಲ ಮಾರಾಟವಾಗಿ, ಹತ್ತು ವರ್ಷ ಒಂದೂ ಮನೆ ಏಳದ ಲೇಔಟ್ ಎಲ್ಲಕ್ಕಿಂತ ಕೆಟ್ಟದ್ದು. ಅಲ್ಲಿ ಬೆಳೆನೂ ಇಲ್ಲ, ಯಾರಿಗೂ ಸೂರೂ ಇಲ್ಲ, ಬರೀ ಪಾರ್ಥೇನಿಯಂ. ಮನೆ ಎದ್ದರೂ ಕೆಲಸ ದೂರದಲ್ಲಿ. ಹುಬ್ಬಳ್ಳಿಗೆ ದಿನಾ 50 ಕಿಲೋಮೀಟರ್ ಹೋಗಿ ಬರುವ ಒಂದು ಬೈಕ್ ಲೀಟರ್ ಪೆಟ್ರೋಲ್ ಸುಟ್ಟರೆ 2.3 ಕಿಲೋ, ವರ್ಷಕ್ಕೆ 300 ದಿನ ಹಿಡಿದರೆ ಸುಮಾರು 700 ಕಿಲೋ. ಬಸ್ಸಿನಲ್ಲಿ ಹೋದರೆ ತಲೆಗೆ ಬೀಳುವ ಪಾಲು ಬಹಳ ಕಡಿಮೆ. ಆದರೆ ಲೇಔಟ್ ಎಲ್ಲೋ, ಬಸ್ ಸ್ಟಾಪ್ ಎಲ್ಲೋ.

ಹೊಲ ಏನು ಪೂರ್ತಿ ಸಾಚಾ ಅಂತಲ್ಲ. ನೀರು ನಿಲ್ಲಿಸಿದ ಭತ್ತದ ಗದ್ದೆಯಿಂದ ಮೀಥೇನ್ ಏಳುತ್ತದೆ, ಯೂರಿಯಾ ಹೆಚ್ಚು ಹಾಕಿದರೆ ನೈಟ್ರಸ್ ಆಕ್ಸೈಡ್. ಆದರೆ ಗೊಬ್ಬರ, ನೀರು ಬದಲಿಸಿ ಅದನ್ನು ತಗ್ಗಿಸಲು ದಾರಿ ಇದೆ. ಕಾಂಕ್ರೀಟ್ ಆದ ನೆಲವನ್ನು ಮತ್ತೆ ಹೊಲ ಮಾಡಿದವರನ್ನು ನಾವಂತೂ ನೋಡಿಲ್ಲ. ಬೆಂಗಳೂರಿನಲ್ಲಿ 1973ರಿಂದ 2017ರ ನಡುವೆ ಕಟ್ಟಡ-ರಸ್ತೆಯ ನೆಲ ಶೇ. 1028 ಹೆಚ್ಚಾಯಿತು, ಹಸಿರು ಶೇ. 88 ಕಡಿಮೆಯಾಯಿತು ಎಂದು ಭಾರತೀಯ ವಿಜ್ಞಾನ ಸಂಸ್ಥೆಯವರು ಉಪಗ್ರಹ ಚಿತ್ರ ಇಟ್ಟು ತೋರಿಸಿದ್ದಾರೆ. ಅಲ್ಲಿಯೂ ಮೊದಲು ಹೆದ್ದಾರಿ ಪಕ್ಕದ ಹೊಲಗಳೇ ಹೋದದ್ದು.

2020ರ ಭೂಸುಧಾರಣಾ ತಿದ್ದುಪಡಿಯಲ್ಲಿ 79ಎ, 79ಬಿ ಕಲಂ ತೆಗೆದ ಮೇಲೆ ರೈತರಲ್ಲದವರೂ ಹೊಲ ಕೊಳ್ಳಬಹುದು. ಆದರೆ ಕೃಷಿ ಬಿಟ್ಟು ಬೇರೆ ಕೆಲಸಕ್ಕೆ ಬಳಸಬೇಕಾದರೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಸಾಮಾನ್ಯವಾಗಿ ಭೂ ಪರಿವರ್ತನೆ ಆಗಬೇಕು.

ಹೊಲ ಮಾರೋದು ಬಿಡೋದು ಆಯಾ ಮನೆಯವರ ಕಷ್ಟಕ್ಕೆ ಸೇರಿದ್ದು. ಮಾರುವವರು ಕರಾರಿನಲ್ಲಿ ಒಂದು ಮಾತು ಸೇರಿಸಬಹುದು: ಗರಸು ಬೀಳುವ ಮೊದಲು ಮೇಲಿನ ಒಂದು ಅಡಿ ಮಣ್ಣು ತಮಗೆ ಬಿಡಬೇಕು ಅಂತ. ಕೆರೆ ಹೂಳು ಟ್ರ್ಯಾಕ್ಟರ್‌ನಲ್ಲಿ ಹೊಡೆಸಿ ಹೊಲಕ್ಕೆ ಹಾಕುವ ರೂಢಿ ನಮ್ಮ ಕಡೆ ಮೊದಲಿನಿಂದ ಇದೆ. ಇದೂ ಹಂಗೇ, ಉಳಿದ ಹೊಲಕ್ಕೋ ಪಕ್ಕದವರ ಹೊಲಕ್ಕೋ ಹಾಕಿಸಿದರೆ ಆಯ್ತು. ಬ್ಯಾಸಿಗ್ಯಾಗ, ಮಣ್ಣು ಒಣಗಿದ್ದಾಗ ಮಾಡಿಸಿದರೆ ಬಾಡಿಗೆನೂ ಕಡಿಮೆ ಬೀಳುತ್ತದೆ.