ಅಲುಗದ ಲಿವರುಗಳು

1990ರ ಫೆಬ್ರವರಿ 14ರ ಮಧ್ಯಾಹ್ನ, ಮುಂಬೈಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ 605ನೇ ವಿಮಾನ ಬೆಂಗಳೂರಿನ ಎಚ್‌ಎಎಲ್ ರನ್‌ವೇ ತಲುಪುವ ಮೊದಲೇ ಪಕ್ಕದ ಗಾಲ್ಫ್ ಮೈದಾನಕ್ಕೆ ಬಡಿಯಿತು. 146 ಜನರಲ್ಲಿ 92 ಮಂದಿ ತೀರಿಕೊಂಡರು. ತಿಳಿಯಾದ ಆಕಾಶ, ಹೊಸ ಏರ್‌ಬಸ್ ಎ320. ಇಂಜಿನ್ ಕೈಕೊಟ್ಟಿತೇ? ಹೈಕೋರ್ಟ್ ನ್ಯಾಯಮೂರ್ತಿ ಶಿವಶಂಕರ ಭಟ್ಟರ ತನಿಖಾ ವರದಿಯಲ್ಲಿ ನಾನು ಮೊದಲು ಹುಡುಕಿದ್ದು ಇದಕ್ಕೆ ಉತ್ತರವನ್ನು.

ಬ್ಲ್ಯಾಕ್ ಬಾಕ್ಸ್‌ನ ದಾಖಲೆ ಸ್ಪಷ್ಟವಾಗಿದೆ. ಎರಡೂ ಇಂಜಿನ್‌ಗಳು ಸರಿಯಾಗಿದ್ದವು, ಐಡಲ್‌ನಲ್ಲಿ, ಅಂದರೆ ಕನಿಷ್ಠ ಶಕ್ತಿಯಲ್ಲಿ, ಓಡುತ್ತಿದ್ದವು. ಕೊನೆಗೆ ಪೂರ್ಣ ಶಕ್ತಿ ಕೇಳಿದಾಗ ವೇಗ ಹಿಡಿಯತೊಡಗಿದ್ದೂ ಉಂಟು. ಆದರೆ ಜೆಟ್ ಇಂಜಿನ್ ಒಮ್ಮೆಲೇ ಮೇಲೇಳುವುದಿಲ್ಲ. ಐಡಲ್‌ನಿಂದ ಶೇ. 95ರಷ್ಟು ಶಕ್ತಿಗೆ ಏರಲು 5 ಸೆಕೆಂಡುಗಳವರೆಗೆ ಅರ್ಹತಾ ನಿಯಮಗಳೇ ಅವಕಾಶ ಕೊಡುತ್ತವೆ. ಅಷ್ಟು ಹೊತ್ತಿಗೆ ನೆಲ ಹತ್ತಿರವಾಗಿತ್ತು. ಹಾಗಿದ್ದರೆ ಐಡಲ್‌ನಲ್ಲಿರು ಎಂದು ಅವಕ್ಕೆ ಹೇಳಿದ್ದು ಯಾರು?

ಎ320ರಲ್ಲಿ ಶಕ್ತಿ ಏರಿಳಿಸುವ ಲಿವರಿಗೂ ಇಂಜಿನ್‌ಗೂ ನಡುವೆ ತಂತಿಹಗ್ಗದ ಎಳೆತವಿಲ್ಲ. ಲಿವರ್ ಎಲ್ಲಿದೆ ಎಂಬ ಸಂಕೇತ ಇಂಜಿನ್ ಕಂಪ್ಯೂಟರಾದ ಫೇಡೆಕ್‌ಗೆ ಹೋಗುತ್ತದೆ. ಎಷ್ಟು ಇಂಧನ ಬಿಡಬೇಕೆಂದು ನಿರ್ಧರಿಸುವುದು ಅದೇ. ಶಕ್ತಿಯನ್ನು ತಾನೇ ಹೊಂದಿಸುವ ಆಟೋಥ್ರಸ್ಟ್ ಹಾಕಿದಾಗ ಲಿವರುಗಳು ‘ಕ್ಲೈಂಬ್’ ಗುರುತಿನಲ್ಲಿ ನಿಲ್ಲುತ್ತವೆ. ಶಕ್ತಿ ಏರಲಿ, ಇಳಿಯಲಿ, ಅವು ಅಲುಗುವುದೇ ಇಲ್ಲ! ಸ್ಪೀಡ್ ಮೋಡ್‌ನಲ್ಲಿ ಆಟೋಥ್ರಸ್ಟ್ ವೇಗ ಕಾಯುತ್ತದೆ. ‘ಓಪನ್ ಡಿಸೆಂಟ್’ ಮೋಡ್‌ನಲ್ಲಾದರೋ ಇಂಜಿನ್‌ಗಳನ್ನು ಐಡಲ್‌ಗೆ ಇಳಿಸಿ ಸುಮ್ಮನಾಗುತ್ತದೆ. ವೇಗ ಉಳಿಸಿಕೊಳ್ಳಬೇಕಾದದ್ದು ಮೂತಿ ತಗ್ಗಿಸಿ. ಅಂದು ಮೂತಿ ಏರುತ್ತಾ ಹೋಯಿತು. 132 ನಾಟ್ ಇರಬೇಕಾದ ವೇಗ 106ಕ್ಕೆ ಕುಸಿಯಿತು.

ಕಾಕ್‌ಪಿಟ್ ಸಂಭಾಷಣೆಯ ಪುಟ ಓದುವುದು ಕಷ್ಟ. ಇಷ್ಟು ಹೊತ್ತೂ ಐಡಲ್ ಓಪನ್ ಡಿಸೆಂಟ್‌ನಲ್ಲೇ ಇಳಿಯುತ್ತಿದ್ದೀರಾ ಎಂದು ಒಬ್ಬರು ಕೇಳುತ್ತಾರೆ. ಪೈಲಟ್‌ಗಳಿಬ್ಬರಿಗೂ ಒಂದೊಂದಿರುವ, ಪರದೆಯಲ್ಲಿ ದಾರಿ ತೋರುವ ಫ್ಲೈಟ್ ಡೈರೆಕ್ಟರ್ ಆರಿಸುವ ಮಾತು ಬರುತ್ತದೆ. ನನ್ನದು ಆರಿಸಿದ್ದೇನೆ ಎನ್ನುತ್ತಾರೆ ಇನ್ನೊಬ್ಬರು. ನನ್ನದನ್ನು ಆರಿಸಿಲ್ಲವಲ್ಲ ಎಂಬುದು ಉತ್ತರ. ಎರಡೂ ಆರಿದ್ದರೆ ಮಾತ್ರ ಆಟೋಥ್ರಸ್ಟ್ ತಾನಾಗಿ ಸ್ಪೀಡ್ ಮೋಡ್‌ಗೆ ಮರಳುತ್ತಿತ್ತು. ಒಂದು ಉಳಿದೇ ಇತ್ತು.

ಓಪನ್ ಡಿಸೆಂಟ್ ಮೋಡ್ ಬಂದದ್ದು ಹೇಗೆಂದು ವರದಿ ಖಚಿತವಾಗಿ ಹೇಳುವುದಿಲ್ಲ. ನಿಮಿಷಕ್ಕೆ 700 ಅಡಿ ಇಳಿಯುವ ದರವನ್ನು ಹಾಕಲು ಹೋಗಿ, ಎತ್ತರದ ಗುಂಡಿ ತಿರುಗಿಸಿ 700 ಅಡಿ ಹಾಕಿರಬಹುದು ಎಂಬುದು ಅದು ಸೂಚಿಸುವ ಒಂದು ಸಾಧ್ಯತೆ. ಪರಿಸ್ಥಿತಿಯ ಗಂಭೀರತೆ ಅರಿತು ಕೂಡಲೇ ಲಿವರ್ ಮುಂದಕ್ಕೆ ತಳ್ಳಲಿಲ್ಲ ಎಂದು ಅದು ಪೈಲಟ್‌ಗಳನ್ನೇ ಹೊಣೆ ಮಾಡುತ್ತದೆ.

ಆ ತೀರ್ಮಾನ ಸುಳ್ಳಲ್ಲ, ಆದರೆ ಸಾಲದು. ಶಕ್ತಿ ಇಳಿದದ್ದನ್ನು ಕೈಗೆ ತಿಳಿಸದ ಲಿವರೂ ಆ ಹೊಣೆಯಲ್ಲಿ ಪಾಲುದಾರ ಎಂದೇ ನನ್ನ ಎಣಿಕೆ. ಹಾಗೆಂದು ಲಿವರ್ ಅಲುಗಿದ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ. 2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬಿದ್ದ ಏಷಿಯಾನಾ ಏರ್‌ಲೈನ್ಸ್‌ನ ಬೋಯಿಂಗ್ 777ರಲ್ಲಿ ಲಿವರುಗಳು ಆಟೋಥ್ರಾಟಲ್ ಜೊತೆ ಚಲಿಸುವಂಥವೇ. ಅಲ್ಲಿಯೂ ವೇಗ ಕಾಯದ ಮೋಡ್‌ನಲ್ಲಿ ಅವು ಐಡಲ್‌ನಲ್ಲಿ ನಿಂತಿದ್ದವು, ಮೂವರು ಸತ್ತರು.

ಬೆಂಗಳೂರಿನ ವರದಿ ಕೈಗೆ ಸಿಕ್ಕರೆ ತೀರ್ಮಾನದ ಪುಟದಿಂದ ಓದಲು ಆರಂಭಿಸಬೇಡಿ. ಸಂಭಾಷಣೆಯನ್ನೂ ವೇಗದ ಅಂಕಿಗಳನ್ನೂ ಪಕ್ಕಪಕ್ಕದಲ್ಲಿಟ್ಟು ಓದಿ.