ಪದಚ್ಯುತನಾದ ಕವಿ

ಅಧಿಕಾರವು ಹೋದಮೇಲೆ ಮನುಷ್ಯನಲ್ಲಿ ಉಳಿಯುವುದೇನು? ಇಂಗ್ಲೆಂಡಿನ ಚರಿತ್ರೆಯ ಒಂದು ನಿದರ್ಶನವನ್ನು ಶ್ರೋತೃಗಳ ಮುಂದಿಡುತ್ತೇವೆ.

1649ರಲ್ಲಿ ದೊರೆಯ ಶಿರಚ್ಛೇದವಾದ ಬಳಿಕ ಏರ್ಪಟ್ಟ ಪ್ರಜಾರಾಜ್ಯವು, ಪರದೇಶಗಳೊಡನೆ ಲ್ಯಾಟಿನ್ ಭಾಷೆಯಲ್ಲಿ ಪತ್ರವ್ಯವಹಾರ ನಡೆಸಲು ಜಾನ್ ಮಿಲ್ಟನ್ ಕವಿಯನ್ನು ಕಾರ್ಯದರ್ಶಿಯಾಗಿ ನೇಮಿಸಿತು. 1652ರ ವೇಳೆಗೆ ಆತನ ದೃಷ್ಟಿ ಪೂರ್ಣವಾಗಿ ನಷ್ಟವಾಯಿತು. ಆದರೂ ಇತರರ ನೆರವಿನಿಂದ ಉದ್ಯೋಗವನ್ನು ನಿರ್ವಹಿಸಿದನು. 1660ರಲ್ಲಿ ರಾಜತ್ವವು ಮರಳಿತು. ಉದ್ಯೋಗ ಹೋಯಿತು, ಗ್ರಂಥಗಳನ್ನು ಸುಡಿಸಿದರು, ಆತನೂ ಕೆಲಕಾಲ ಸೆರೆಯಲ್ಲಿದ್ದನು.

ರಾಜ್ಯದಲ್ಲಿಟ್ಟಿದ್ದ ಆಸೆ ಮುರಿದರೂ ದೈವದಲ್ಲಿಟ್ಟಿದ್ದ ಶ್ರದ್ಧೆ ಮುರಿಯಲಿಲ್ಲ. ಮನಸ್ಸಿನಲ್ಲಿ ಕಟ್ಟಿದ ಪಂಕ್ತಿಗಳನ್ನು ಬಂದವರಿಂದ ಬರೆಯಿಸಿ ಮಹಾಕಾವ್ಯವನ್ನು ಮುಗಿಸಿದನು. ಸ್ವರ್ಗವನ್ನು ಕಳೆದುಕೊಂಡವರ ಕಥೆಯಾದ ‘ಪ್ಯಾರಡೈಸ್ ಲಾಸ್ಟ್’ 1667ರಲ್ಲಿ ಅಚ್ಚಾಯಿತು. ಪ್ರಕಾಶಕನು ಮೊದಲು ಕೊಟ್ಟುದು 5 ಪೌಂಡು ಮಾತ್ರ.

ಸಂಬಳದ ಕಾರ್ಯದರ್ಶಿಯನ್ನು ಚರಿತ್ರಕಾರರು ಬಲ್ಲರು. ಪದಚ್ಯುತನಾದ ಕವಿಯನ್ನು ಲೋಕವೇ ಬಲ್ಲದು.